ಬೆಳಕಿಗೆ ಮೈ ಕೊಟ್ಟ ಕಾಗದ

ಕಳೆದ ದೀಪಾವಳಿಗೆ ಪುತ್ತೂರಿನ ಅಕ್ಕನ ಮನೆಗೆ ಹೋಗಿದ್ದೆ. ಜಪಾನಿನ ನಗೋಯಾದಲ್ಲಿ ಎರಡು ವರ್ಷ ಕೆಲಸ ಮಾಡಿ ಆಗತಾನೇ ಊರಿಗೆ ಮರಳಿದ್ದ ಅವಳ ಮಗ ಸೂಟ್‌ಕೇಸಿನ ತಳದಿಂದ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ ತೆಗೆದ. "ಚಿಕ್ಕಮ್ಮ, ಇದು ಟೇಬಲ್ ಲ್ಯಾಂಪ್" ಎಂದ. ನಂಬುವುದು ಕಷ್ಟವಾಯಿತು. ಸೀರೆ ಅಂಗಡಿಯವರು ಕೊಡುವ ಡಬ್ಬಿಯಷ್ಟೇ ದಪ್ಪದ ಪೆಟ್ಟಿಗೆ ಅದು. ಒಳಗಿದ್ದದ್ದು ಸಪೂರ ತಂತಿಯ ಒಂದು ಚೌಕಟ್ಟು, ಹೋಲ್ಡರ್ ಸಿಕ್ಕಿಸಿದ ವಯರು, ಮತ್ತೆ ಹಪ್ಪಳದ ಕಟ್ಟಿನ ಹಾಗೆ ಒತ್ತೊತ್ತಾಗಿ ಮಡಚಿಕೊಂಡ ಬಿಳಿ ಕಾಗದದ ಬಿಲ್ಲೆ. ಅವನು ಬಿಲ್ಲೆಯ ಎರಡು ತುದಿ ಹಿಡಿದು ಮೆಲ್ಲಗೆ ಎಳೆದ. ಕಾಗದ ಸರಸರ ಸದ್ದು ಮಾಡುತ್ತ ಬಿಚ್ಚಿಕೊಂಡು ಸಣ್ಣ ಬೂದುಗುಂಬಳದಷ್ಟು ಉಬ್ಬಿತು. ಒಳಗೆ ತಂತಿಯ ಚೌಕಟ್ಟು ತೂರಿಸಿದ ಮೇಲೆ ಬಿಗಿಯಾಗಿ ನಿಂತಿತು. ಎತ್ತಿ ನೋಡಿದರೆ ಭಾರವೇ ಇಲ್ಲ.

ಉರಿಸುವುದಕ್ಕೆ ಮಾತ್ರ ಮರುದಿನದವರೆಗೆ ಕಾಯಬೇಕಾಯಿತು. ಜಪಾನಿನ ಮನೆಗಳಿಗೆ ಬರುವುದು 100 ವೋಲ್ಟಿನ ಕರೆಂಟು, ನಮ್ಮದು 230. ಅಲ್ಲಿಯ ಬಲ್ಬು ಇಲ್ಲಿ ಬಾಳುವುದಿಲ್ಲ, ಅಲ್ಲಿಯ ಪ್ಲಗ್ಗು ನಮ್ಮ ಗೋಡೆಗೆ ಹೊಂದುವುದಿಲ್ಲ. ಪೇಟೆಯ ಎಲೆಕ್ಟ್ರಿಕ್ ಅಂಗಡಿಯವರು ವಯರು, ಪ್ಲಗ್ಗು, ಹೋಲ್ಡರ್ ಮೂರನ್ನೂ ಬದಲಿಸಿ ಒಂದು ಹಳದಿ ಛಾಯೆಯ ಎಲ್‌ಇಡಿ ಬಲ್ಬು ಹಾಕಿಕೊಟ್ಟರು. ಸಂಜೆ ಅಂಗಳದಲ್ಲಿ ಗೂಡುದೀಪ ಏರಿಸಿ ಒಳಗೆ ಬಂದು ಇದರ ಸ್ವಿಚ್ ಒತ್ತಿದೆವು. ಅಷ್ಟು ಹೊತ್ತು ಮೇಜಿನ ಮೇಲೆ ಕಾಗದದ ಪೊಟ್ಟಣದಂತೆ ಕುಳಿತಿದ್ದ ವಸ್ತು ತಟ್ಟನೆ ಒಂದು ಆಕಾರವಾಯಿತು. ಬಲ್ಬು ಎಲ್ಲಿದೆ ಎಂದು ಹುಡುಕಬೇಕು ಎನ್ನುವ ಹಾಗೆ ಇಡೀ ಮೈಯೇ ಬೆಳಗುತ್ತಿತ್ತು. ನಡುವಿನಲ್ಲಿ ಬೆಳಕು ಹೆಚ್ಚು, ಅಂಚಿಗೆ ಬಂದಂತೆ ಕಡಿಮೆ. ಅಡ್ಡಡ್ಡ ಹಾದ ಬಿದಿರಿನ ಎಳೆಗಳು ಪೆನ್ಸಿಲ್ ಗೆರೆಗಳಂತೆ ತೇಲುತ್ತಿದ್ದವು.

ಮನೆ ಅಲಂಕಾರದ ಅಂಗಡಿಗಳಲ್ಲಿ ಡಿಸೈನರ್ ಲ್ಯಾಂಪ್ ಎಂಬ ಹೆಸರಿನಲ್ಲಿ ಏನೇನೋ ಸಿಗುತ್ತದೆ. ಹಿತ್ತಾಳೆಯ ಕುದುರೆ, ಕಲ್ಲಿನ ಕಂಬ, ಗಾಜಿನ ಹೂವಿನ ಕುಂಡ, ಅದರ ನೆತ್ತಿಯ ಮೇಲೊಂದು ಬಟ್ಟೆಯ ಟೋಪಿ. ಶಿಲ್ಪವೇನಿದ್ದರೂ ಕೆಳಗಿನ ಕಾಲಿನಲ್ಲಿ. ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ದೀಪ ಆರಿಸಿದಾಗಲೇ ಅವು ಚೆಂದ. ನನಗೆ ಇದು ಸರಿಯಾದ ಕ್ರಮ ಎನ್ನಿಸುವುದಿಲ್ಲ. ದೀಪವೊಂದನ್ನು ಶಿಲ್ಪ ಎಂದು ಕರೆಯಬೇಕಾದರೆ ಅದು ಉರಿಯುವಾಗ ಶಿಲ್ಪವಾಗಬೇಕು, ಕಲಾವಿದ ಕಡೆದದ್ದು ಬೆಳಕನ್ನೇ ಆಗಿರಬೇಕು. ಅಕ್ಕನ ಮನೆಯ ಮೇಜಿನ ಮೇಲಿರುವುದು ಆ ಮಾತಿಗೆ ಒಪ್ಪುವ ದೀಪ. ಅದರ ಹೆಸರು ಅಕಾರಿ. ಜಪಾನಿ ಭಾಷೆಯಲ್ಲಿ ಅಕಾರಿ ಎಂದರೆ ಬೆಳಕು. ರೂಪಿಸಿದವರು ಇಸಾಮು ನೊಗುಚಿ ಎಂಬ ಶಿಲ್ಪಿ.

ನೊಗುಚಿ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ತಾಯಿ ಲಿಯೋನಿ ಗಿಲ್ಮರ್ ಅಮೆರಿಕದವರು, ಬರಹಗಾರ್ತಿ. ತಂದೆ ಯೋನೆ ನೊಗುಚಿ ಜಪಾನಿನ ಕವಿ. 1938ರಲ್ಲಿ, ಜಪಾನ್ ಚೀನಾದ ಮೇಲೆ ನಡೆಸುತ್ತಿದ್ದ ಯುದ್ಧವನ್ನು ಸಮರ್ಥಿಸಿ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದು, ಅವರಿಂದ ಕಟುವಾದ ಉತ್ತರ ಪಡೆದ ಕವಿ ಇವರೇ. ಮಗ ತಂದೆಯ ನೆರಳಿನಲ್ಲಿ ಬೆಳೆಯಲಿಲ್ಲ. ಬಾಲ್ಯವನ್ನು ತಾಯಿಯೊಡನೆ ಜಪಾನಿನಲ್ಲಿ ಕಳೆದು, ಹದಿಮೂರರ ಪ್ರಾಯದಲ್ಲಿ ಒಬ್ಬನೇ ಅಮೆರಿಕಕ್ಕೆ ಹಡಗು ಹತ್ತಿದ ಹುಡುಗ ಅವನು. 1927ರಲ್ಲಿ ಪ್ಯಾರಿಸಿಗೆ ಹೋಗಿ ಬ್ರಾಂಕುಸಿ ಎಂಬ ಮಹಾಶಿಲ್ಪಿಯ ಕೆಲಸದ ಕೊಟ್ಟಿಗೆಯಲ್ಲಿ ಸಹಾಯಕನಾಗಿ ಕಲ್ಲು ಕಡಿಯಲು ಕಲಿತ.

ಜಪಾನ್ 1941ರಲ್ಲಿ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕ ಸರ್ಕಾರ ತನ್ನ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಶಿಬಿರಗಳಿಗೆ ಅಟ್ಟಿತು. ನೊಗುಚಿ ಇದ್ದದ್ದು ನ್ಯೂಯಾರ್ಕಿನಲ್ಲಿ; ಅವರು ಹೋಗಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆದರೂ 1942ರಲ್ಲಿ ತಾವಾಗಿಯೇ ಅರಿಜೋನಾ ಮರುಭೂಮಿಯ ಪೋಸ್ಟನ್ ಶಿಬಿರಕ್ಕೆ ಹೋದರು. ಅಲ್ಲಿರುವವರಿಗೆ ಉದ್ಯಾನ, ಆಟದ ಬಯಲು ರೂಪಿಸಿಕೊಡಬಹುದು ಎಂಬ ಆಸೆ. ಒಂದೂ ಕೈಗೂಡಲಿಲ್ಲ. ಏಳು ತಿಂಗಳ ಮೇಲೆ ಹೊರಬಂದು ನ್ಯೂಯಾರ್ಕಿನ ತಮ್ಮ ಕೋಣೆಯಲ್ಲಿ ಮಾಡತೊಡಗಿದ ಶಿಲ್ಪಗಳ ಹೊಟ್ಟೆಯಲ್ಲಿ ಬಲ್ಬುಗಳಿದ್ದವು. ಮ್ಯಾಗ್ನೆಸೈಟ್ ಗಾರೆಯ ಉಬ್ಬುತಗ್ಗುಗಳ ಒಳಗಿನಿಂದ ಬೆಳಕು ಹೊಮ್ಮುವ ಆ ಕೃತಿಗಳಿಗೆ 'ಲೂನಾರ್' ಎಂದು, ಚಂದ್ರನ ಹೆಸರನ್ನೇ ಇಟ್ಟರು. ಬೆಳಕಿಲ್ಲದ ಮರುಭೂಮಿಯ ರಾತ್ರಿಗಳನ್ನು ಕಂಡು ಬಂದವನ ಕೈಯಿಂದ ಇಂಥವು ಹುಟ್ಟಿದ್ದು ನನಗೆ ಸಹಜ ಅನ್ನಿಸುತ್ತದೆ. ಅದೇ ಸುಮಾರಿಗೆ ತಂಗಿಗಾಗಿ ಮೂರು ಕಾಲಿನ, ಉರುಳೆಯಾಕಾರದ ಒಂದು ಪುಟ್ಟ ಮೇಜಿನ ದೀಪವನ್ನೂ ಮಾಡಿದ್ದರು. ನಾಲ್ ಎಂಬ ಪೀಠೋಪಕರಣ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅಂದರೆ ದೀಪದ ಯೋಚನೆ ಅವರ ತಲೆಯಲ್ಲಿ ಮೊದಲೇ ಇತ್ತು. ಅದಕ್ಕೆ ತಕ್ಕ ವಸ್ತು, ತಕ್ಕ ಕೈ ಸಿಕ್ಕಿರಲಿಲ್ಲ, ಅಷ್ಟೆ.

ಅವು ಸಿಕ್ಕಿದ್ದು 1951ರಲ್ಲಿ, ಗಿಫು ಎಂಬ ಊರಿನಲ್ಲಿ. ನಗೋಯಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹಿರೋಶಿಮಾದಲ್ಲಿ ಬಾಂಬು ಬಿದ್ದ ಜಾಗದಲ್ಲಿ ವಾಸ್ತುಶಿಲ್ಪಿ ಕೆಂಜೊ ಟಾಂಗೆ ಶಾಂತಿ ಉದ್ಯಾನ ಕಟ್ಟುತ್ತಿದ್ದ ಕಾಲ ಅದು. ಅದರ ಎರಡು ಸೇತುವೆಗಳ ಕಟಾಂಜನ ರೂಪಿಸುವ ಹೊಣೆ ನೊಗುಚಿಯದು. ಹೋಗುವ ದಾರಿಯಲ್ಲಿ ಗಿಫುವಿನಲ್ಲಿ ಇಳಿದರು. ಆ ಊರಿನ ನಾಗರಾ ನದಿಯಲ್ಲಿ ಇಂದಿಗೂ ಮೇ 11ರಿಂದ ಅಕ್ಟೋಬರ್ 15ರವರೆಗೆ ರಾತ್ರಿ ಹೊತ್ತು ನೀರುಕಾಗೆಗಳನ್ನು ಬಿಟ್ಟು ಮೀನು ಹಿಡಿಯುತ್ತಾರೆ. ದೋಣಿಯ ಮೂತಿಯಲ್ಲಿ ಕಬ್ಬಿಣದ ಬುಟ್ಟಿ ತೂಗುಹಾಕಿ ಅದರಲ್ಲಿ ಸೌದೆಯ ಬೆಂಕಿ ಉರಿಸುತ್ತಾರೆ. ಬೆಂಕಿಯ ಬೆಳಕಿಗೆ ಮೀನು ಬೆದರಿ ಓಡುತ್ತವೆ, ಹಗ್ಗ ಕಟ್ಟಿದ ಹಕ್ಕಿಗಳು ಮುಳುಗಿ ಹಿಡಿದು ತರುತ್ತವೆ. ಸಾವಿರದ ಮುನ್ನೂರು ವರ್ಷಗಳ ಹಳಮೆ ಈ ಕಸುಬಿಗೆ ಇದೆ ಎನ್ನುತ್ತಾರೆ. ನೋಡಲು ಬಂದವರ ದೋಣಿಗಳಲ್ಲಿ ಕಾಗದದ ಲಾಂದ್ರಗಳು ತೂಗುತ್ತಿರುತ್ತವೆ. ಗಿಫು ಆ ಲಾಂದ್ರಗಳಿಗೂ ಹೆಸರಾದ ಊರು. ಅವಕ್ಕೆ ಚೋಚಿನ್ ಎಂದು ಹೆಸರು.

ಯುದ್ಧದ ನಂತರ ಚೋಚಿನ್ ಕೆಲಸ ಸೊರಗುತ್ತಿತ್ತು. ಮನೆಮನೆಗೆ ವಿದ್ಯುತ್ ಬಂದ ಮೇಲೆ ಮೋಂಬತ್ತಿಯ ಲಾಂದ್ರ ಯಾರಿಗೆ ಬೇಕು? ಹಬ್ಬಕ್ಕೆ, ಅಂಗಡಿ ಬಾಗಿಲಿಗೆ, ಸಂತೋಷಕೂಟಕ್ಕೆ ಅಗ್ಗದ ಅಲಂಕಾರವಾಗಿ ಉಳಿದಿತ್ತು. ಊರಿನ ಮೇಯರ್ ನೊಗುಚಿಯ ಬಳಿ ಈ ಕಸುಬಿಗೆ ಏನಾದರೂ ದಾರಿ ತೋರಿಸಿ ಎಂದು ಕೇಳಿದರು. 1891ರಲ್ಲಿ ಶುರುವಾದ ಒಜೆಕಿ ಎಂಬ ಮನೆತನದ ಕಾರ್ಖಾನೆಗೆ ಶಿಲ್ಪಿಯನ್ನು ಕರೆದೊಯ್ದರು. ಅಕಾರಿ ಹುಟ್ಟಿದ್ದು ಅಲ್ಲಿ. ಇಂದಿಗೂ ತಯಾರಾಗುವುದು ಅಲ್ಲೇ.

ತಯಾರಿಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಗೂಡುದೀಪ ಕಟ್ಟಿದ ಕೈಗಳಿಗೆ ಇದು ಅರ್ಧ ಗೊತ್ತಿರುವ ಕೆಲಸ. ನಾವು ಏನು ಮಾಡುತ್ತೇವೆ? ಬಿದಿರು ಸೀಳಿ, ಹೆರೆದು, ಕಡ್ಡಿಗಳನ್ನು ದಾರದಿಂದ ಬಿಗಿದು ಗೂಡು ಕಟ್ಟುತ್ತೇವೆ. ಮೈದಾ ಅಂಟು ಕಾಯಿಸಿ ಬಣ್ಣದ ಕಾಗದ ಹಚ್ಚುತ್ತೇವೆ. ನಮ್ಮ ಗೂಡಿಗೆ ಬಲ ಬರುವುದು ಒಳಗಿನ ಕಡ್ಡಿಗಳಿಂದ. ಆ ಕಡ್ಡಿಗಳು ಅದರೊಳಗೇ ಉಳಿಯುತ್ತವೆ, ಹಾಗಾಗಿ ಅದನ್ನು ಮಡಚಲು ಬರುವುದಿಲ್ಲ. ಹಬ್ಬ ಮುಗಿದ ಮೇಲೆ ಅಟ್ಟದಲ್ಲಿ ಇಟ್ಟರೆ ಮುಂದಿನ ವರ್ಷಕ್ಕೆ ಒಂದಾದರೂ ಮೂಲೆ ಮುರಿದಿರುತ್ತದೆ.

ಗಿಫುವಿನವರು ಮೊದಲು ಮರದ ಅಚ್ಚು ಮಾಡಿಕೊಳ್ಳುತ್ತಾರೆ. ಕಿತ್ತಳೆಯ ತೊಳೆಗಳನ್ನು ನೆನೆಸಿಕೊಳ್ಳಿ. ದೀಪದ ಆಕಾರದ ಅರ್ಧ ಸೀಳಿನಂತೆ ಕೊಯ್ದ ತೆಳು ಹಲಗೆಗಳನ್ನು ನಡುವಿನ ಬಿಲ್ಲೆಯ ಸುತ್ತ ಹಾಗೆ ಜೋಡಿಸಿ ನಿಲ್ಲಿಸುತ್ತಾರೆ. ಪ್ರತಿ ಹಲಗೆಯ ಹೊರ ಅಂಚಿನಲ್ಲಿ ಸಾಲಾಗಿ ಸಣ್ಣ ಕಚ್ಚುಗಳು. ದಾರದಷ್ಟು ಸಪೂರವಾಗಿ ಎಳೆದ ಬಿದಿರ ಎಳೆಯನ್ನು ಆ ಕಚ್ಚುಗಳಲ್ಲಿ ಕೂರಿಸುತ್ತ, ಬುಗುರಿಗೆ ಚಾಟಿ ಸುತ್ತುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತುತ್ತಾರೆ. ಆಮೇಲೆ ಬಿದಿರಿಗೆ ಅಂಟು ಸವರಿ, ಅಚ್ಚಿನ ಬಾಗಿಗೆ ತಕ್ಕಂತೆ ಕತ್ತರಿಸಿದ ಕಾಗದದ ಪಟ್ಟಿಗಳನ್ನು ಹಲಗೆಯಿಂದ ಹಲಗೆಗೆ ಒಂದೊಂದಾಗಿ ಹಚ್ಚುತ್ತಾರೆ. ಬ್ರಶ್ಶಿನಿಂದ ಒತ್ತಿ, ಒಂದರ ಮೇಲೊಂದು ಬಿದ್ದ ಅಂಚನ್ನು ಅಲಗಿನಿಂದ ಸವರಿ ತೆಗೆಯುತ್ತಾರೆ. ಅಲ್ಲಿ ಕೈ ತಪ್ಪಿದರೆ ದೀಪ ಉರಿಸಿದಾಗ ಕಪ್ಪು ಪಟ್ಟಿ ಕಾಣುತ್ತದೆ. ಬೆಳಕು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ.

ಎಲ್ಲ ಒಣಗಿದ ಮೇಲೆ ಬಾಯಿಯ ಕಿಂಡಿಯಿಂದ ಕೈ ಹಾಕಿ ಒಳಗಿನ ಹಲಗೆಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆಳೆಯುತ್ತಾರೆ. ಉಳಿಯುವುದು ಕಾಗದ ಮತ್ತು ಬಿದಿರ ಸುರುಳಿ ಮಾತ್ರ. ಸುರುಳಿ ಆದ್ದರಿಂದಲೇ ಅದು ಒತ್ತಿದರೆ ಬಿಲ್ಲೆಯಾಗುತ್ತದೆ, ಎಳೆದರೆ ದೀಪವಾಗುತ್ತದೆ. ಕಲ್ಲಿನ ಶಿಲ್ಪಿ ತನಗೆ ಬೇಡವಾದ ಕಲ್ಲನ್ನು ಹೊರಗಿನಿಂದ ಕಡಿದು ತೆಗೆಯುತ್ತಾನೆ. ಇಲ್ಲಿ ಗಟ್ಟಿಯಾದದ್ದೆಲ್ಲ ಒಳಗಿನಿಂದ ಹೊರಬರುತ್ತದೆ, ತೆಗೆದ ಜಾಗವನ್ನು ಬೆಳಕು ತುಂಬುತ್ತದೆ.

ಕಾಗದವೂ ಸಾಮಾನ್ಯದ್ದಲ್ಲ. ವಾಶಿ ಎಂಬ ಈ ಜಪಾನಿ ಕಾಗದವನ್ನು ಕೋಜೊ ಎಂಬ ಗಿಡದ ಒಳತೊಗಟೆಯಿಂದ ಮಾಡುತ್ತಾರೆ. ನಾವು ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ ಅದು. ಕೈಕೆಲಸದ ಸಂಪ್ರದಾಯದಲ್ಲಿ ಚಳಿಗಾಲದಲ್ಲಿ ರೆಂಬೆ ಕಡಿದು, ಆವಿಯಲ್ಲಿ ಬೇಯಿಸಿ ತೊಗಟೆ ಸುಲಿಯುತ್ತಾರೆ. ಅದರ ಬಿಳಿ ಭಾಗವನ್ನು ಕ್ಷಾರದ ನೀರಿನಲ್ಲಿ ಕುದಿಸಿ, ತಣ್ಣೀರಿನಲ್ಲಿಟ್ಟು ಕಸವನ್ನು ಬೆರಳಿನಿಂದ ಆರಿಸಿ, ಜಜ್ಜಿ, ನೀರಿನಲ್ಲಿ ಕಲಸುತ್ತಾರೆ. ಆ ನೀರಿಗೆ ಒಂದು ಗಿಡದ ಬೇರಿನ ಲೋಳೆ ಬೆರೆಸುವುದುಂಟು. ಗಿಡ ನಮ್ಮ ಬೆಂಡೆಯ ದಾಯಾದಿ. ಲೋಳೆ ಎಂಥದ್ದೆಂದು ಬೆಂಡೆ ಹೆಚ್ಚಿದವರಿಗೆ ಹೇಳಬೇಕಾಗಿಲ್ಲ. ಆ ಲೋಳೆಯಿಂದ ನಾರು ತಳಕ್ಕೆ ಕೂರದೆ ಸಮನಾಗಿ ತೇಲುತ್ತದೆ. ಮರದ ತಿರುಳಿನ ಕಾಗದದಲ್ಲಿ ನಾರಿನ ಉದ್ದ ಎರಡು ಮೂರು ಮಿಲಿಮೀಟರ್. ಕೋಜೊ ನಾರು ಸುಮಾರು ಒಂದು ಸೆಂಟಿಮೀಟರ್. ಉದ್ದದ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದರೂ ಸುಲಭಕ್ಕೆ ಹರಿಯುವುದಿಲ್ಲ. ಹಳೆಯ ಹಸ್ತಪ್ರತಿಗಳ ಹರಿದ ಹಾಳೆಗಳಿಗೆ ತೇಪೆ ಹಾಕಲು ಜಗತ್ತಿನ ದೊಡ್ಡ ಗ್ರಂಥಾಲಯಗಳು ಇದೇ ಜಾತಿಯ ಕಾಗದವನ್ನು ಬಳಸುತ್ತವೆ. ಗಿಫು ಪ್ರಾಂತ್ಯದಲ್ಲೇ ಇರುವ ಮಿನೊ ಎಂಬ ಊರು ಈ ಕಾಗದಕ್ಕೆ ಪ್ರಸಿದ್ಧ. ಅಲ್ಲಿಯ ಕೈಕಾಗದದ ಕಲೆಯನ್ನು 2014ರಲ್ಲಿ, ಇನ್ನೆರಡು ಊರುಗಳ ಕಾಗದದ ಜೊತೆಗೆ, ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ನೊಗುಚಿ ಮಾಡಿದ್ದೇನು? ಬಿದಿರು ಅವರದಲ್ಲ, ಕಾಗದ ಅವರದಲ್ಲ, ಸುತ್ತುವ ಕೈಚಳಕವೂ ಅವರದಲ್ಲ. ಮೊದಲು ಅವರು ಚಿತ್ರಗಳನ್ನು ತೆಗೆದುಹಾಕಿದರು. ಗಿಫು ಚೋಚಿನ್ನಿನ ಮೈಮೇಲೆ ಹೂವು, ಹುಲ್ಲು, ಹಕ್ಕಿಗಳನ್ನು ಬರೆಯುವುದು ವಾಡಿಕೆ. ಅಕಾರಿಯ ಮೈ ಖಾಲಿ. ಮೊಟ್ಟೆಯಾಕಾರದ ಕಟ್ಟುಪಾಡನ್ನು ಬಿಟ್ಟು ಚೌಕ, ಶಂಕು, ತಟ್ಟೆ, ಕಂಬ, ಒಂದರ ಮೇಲೊಂದು ಕುಳಿತ ಗುಂಡುಗಳು, ಸೊಟ್ಟಗೆ ತಿರುಚಿದ ಮೈಗಳಿಗೆ ಅಚ್ಚು ಕೊರೆಸಿದರು. ಕೆಲವು ದೀಪಗಳಲ್ಲಿ ಬಿದಿರ ಎಳೆಗಳ ನಡುವಿನ ಅಂತರವನ್ನೂ ಬೇಕೆಂದೇ ಏರುಪೇರು ಮಾಡಿಸಿದರು. ಮೋಂಬತ್ತಿಯ ಜಾಗಕ್ಕೆ ಬಲ್ಬು ಬಂತು. ಕಾಗದವನ್ನು ಹಿಗ್ಗಿಸಿ ಹಿಡಿಯಲು, ಸಲೀಸಾಗಿ ಬಿಚ್ಚಿ ಜೋಡಿಸಲು ತಂತಿಯ ಚೌಕಟ್ಟು ಬಂತು. ಮೇಜಿನ ಮೇಲೆ ಕೂರುವಂಥವಕ್ಕೆ ತಂತಿಯದೇ ಸಪೂರ ಕಾಲುಗಳು. ಬೇಕೆಂದೇ ಚೋಚಿನ್ ಎಂಬ ಹಳೆಯ ಹೆಸರು ಬಿಟ್ಟು ಅಕಾರಿ ಎಂದರು. ಜಪಾನಿ ಬರವಣಿಗೆಯಲ್ಲಿ ಬೆಳಕಿನ ಅಕ್ಷರವನ್ನು ಬರೆಯುವುದು ಸೂರ್ಯ ಮತ್ತು ಚಂದ್ರರ ಗುರುತುಗಳನ್ನು ಜೋಡಿಸಿ. ದೀಪದ ಮೇಲೆ ಒತ್ತುವ ಮುದ್ರೆಯಲ್ಲೂ ಆ ಸೂರ್ಯ ಚಂದ್ರರೇ ಇದ್ದಾರೆ. 1988ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ನೂರಕ್ಕೂ ಹೆಚ್ಚು ಬಗೆಯ ಅಕಾರಿಗಳನ್ನು ರೂಪಿಸಿದ್ದರು.

ಅಕಾರಿ ಹುಟ್ಟಿದ ಕಾಲದ ಇನ್ನೊಂದು ಸಂಗತಿಯನ್ನು ಬಿಟ್ಟರೆ ಕಥೆ ಕುಂಟುತ್ತದೆ. ಹಿರೋಶಿಮಾದಲ್ಲಿ ಸತ್ತವರ ನೆನಪಿಗೆ ಒಂದು ಸ್ಮಾರಕವನ್ನೂ ನೊಗುಚಿ ರೂಪಿಸಿಕೊಟ್ಟಿದ್ದರು. ಅದನ್ನು ಒಪ್ಪಲಿಲ್ಲ. ಬಾಂಬು ಹಾಕಿದ ದೇಶದ ಪ್ರಜೆ ಎಂಬುದು ಅಡ್ಡ ಬಂತು. ಅಮೆರಿಕದಲ್ಲಿ ಜಪಾನಿ, ಜಪಾನಿನಲ್ಲಿ ಅಮೆರಿಕನ್. ಎಲ್ಲಿಯೂ ಪೂರ್ತಿ ಒಳಗಿನವನಾಗದ ಈ ಮನುಷ್ಯ ಮಡಚಿ ಕಂಕುಳಲ್ಲಿಟ್ಟುಕೊಂಡು ಯಾವ ಊರಿಗಾದರೂ ಒಯ್ಯಬಹುದಾದ, ಹೋದಲ್ಲೆಲ್ಲ ಮನೆಯಾಗಬಲ್ಲ ಒಂದು ವಸ್ತುವನ್ನು ಮೂರೂವರೆ ದಶಕ ಬಿಡದೆ ತಿದ್ದುತ್ತ ಹೋದರು. ಇದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾಗದದ ಬೆಳಕು ಕಣ್ಣಿಗೆ ಏಕೆ ಹಿತ ಎನ್ನುವುದಕ್ಕೆ ಲೆಕ್ಕವೂ ಇದೆ. ಬಲ್ಬಿನ ಗುಂಡು ಸುಮಾರು 6 ಸೆಂಟಿಮೀಟರ್ ಅಡ್ಡಗಲ. ಕಾಗದದ ಗುಂಡು 30 ಸೆಂಟಿಮೀಟರ್ ಎಂದುಕೊಳ್ಳಿ. ಅಡ್ಡಗಲ ಐದು ಪಟ್ಟಾದರೆ ಕಣ್ಣಿಗೆ ಕಾಣುವ ಹೊಳೆಯುವ ಮೈ 25 ಪಟ್ಟಾಗುತ್ತದೆ. ಅಷ್ಟೇ ಬೆಳಕು ಅಷ್ಟು ದೊಡ್ಡ ಮೈಯಿಂದ ಹೊರಡುವುದರಿಂದ ಯಾವ ಒಂದು ಬಿಂದುವೂ ಕಣ್ಣು ಚುಚ್ಚುವುದಿಲ್ಲ. ಬೆಳಕಿನ ಮೂಲ ದೊಡ್ಡದಾದಂತೆ ನೆರಳಿನ ಅಂಚು ಮೆತ್ತಗಾಗುತ್ತದೆ. ಬರಿಯ ಬಲ್ಬಿನ ಕೆಳಗೆ ಮುಖದ ಮೇಲೆ ಬೀಳುವ ಮೂಗಿನ ಕಪ್ಪು ನೆರಳು, ಕಣ್ಣಿನ ಕೆಳಗಿನ ಗುಳಿ ಇಲ್ಲಿ ಕರಗುತ್ತವೆ. ಜೊತೆಗೆ ವಾಶಿಯ ನಾರು ಎಲ್ಲ ಕಡೆ ಒಂದೇ ದಟ್ಟಣೆಯಲ್ಲಿ ಇರುವುದಿಲ್ಲ. ಹಿಂಜಿದ ಹತ್ತಿಯಂಥ ಮೋಡ ಅದರಲ್ಲಿ ಕಾಣುತ್ತದೆ. ಪ್ಲಾಸ್ಟಿಕ್ ಶೇಡಿನ ಸಪಾಟು ಬೆಳಕಿಗೂ ಇದಕ್ಕೂ ಅಲ್ಲಿ ವ್ಯತ್ಯಾಸ. ಕರೆಂಟಿನ ಒರಟು ಬೆಳಕನ್ನು ಕಾಗದ ಮತ್ತೆ ಸೂರ್ಯನ ಬೆಳಕಾಗಿಸುತ್ತದೆ ಎಂಬ ಅರ್ಥದ ಮಾತನ್ನು ನೊಗುಚಿಯೇ ಬರೆದಿದ್ದಾರೆ.

ಆದರೆ ಬಲ್ಬು ಸರಿಯಿಲ್ಲದಿದ್ದರೆ ಕಾಗದ ಏನೂ ಮಾಡಲಾರದು. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟಿನ ರೂಢಿಯಿಂದಾಗಿ ಬೆಳಕೆಂದರೆ ಬೆಳ್ಳಗಿರಬೇಕು ಎಂಬ ನಂಬಿಕೆ ಬೇರೂರಿದೆ. ಪೊಟ್ಟಣದ ಮೇಲೆ 6500 ಕೆಲ್ವಿನ್ ಎಂದು ಬರೆದ ಬಲ್ಬು ಹಾಕಿದರೆ ಇಂಥ ದೀಪ ಆಸ್ಪತ್ರೆಯ ಗೋಡೆಯ ಬಣ್ಣಕ್ಕೆ ತಿರುಗುತ್ತದೆ. 2700 ಎಂದಿರುವುದನ್ನು ಕೇಳಿ ತನ್ನಿ. ಏಳೆಂಟು ವಾಟ್ ಸಾಕು. ಹಳೆಯ ತಂತಿ ಬಲ್ಬಿನಷ್ಟು ಬಿಸಿ ಎಲ್‌ಇಡಿಗಿಲ್ಲ, ಕಾಗದಕ್ಕೂ ಅದು ಒಳ್ಳೆಯದು. ಇನ್ನು, ಅಕಾರಿ ಓದುವ ದೀಪವಲ್ಲ. ಕೋಣೆಯ ಮೂಲೆಗೊಂದು ಜೀವ ಕೊಡುವ ದೀಪ. ಚಾವಣಿಯ ದೀಪ ಆರಿಸಿ, ಕಣ್ಣಿನ ಮಟ್ಟಕ್ಕಿಂತ ತಗ್ಗಿನಲ್ಲಿಟ್ಟು, ಹಿಂದೆ ಒಂದು ಬರಿಯ ಗೋಡೆ ಬಿಟ್ಟು ನೋಡಿ. ದಸರೆಯ ಗೊಂಬೆಗಳ ಹಾಗೆ ನಾಲ್ಕಾರು ಸಾಮಾನಿನ ನಡುವೆ ಇಟ್ಟರೆ ಅದರ ಆಕಾರ ಸತ್ತುಹೋಗುತ್ತದೆ.

ನಕಲುಗಳ ಮಾತು ಬರುತ್ತದೆ. ಜಗತ್ತಿನ ಯಾವ ಪಟ್ಟಣಕ್ಕೆ ಹೋದರೂ ಉರುಟಾದ ಬಿಳಿ ಕಾಗದದ ಶೇಡು ಅಗ್ಗಕ್ಕೆ ಸಿಗುತ್ತದೆ. ಹಲವುಗಳಲ್ಲಿ ಬಿದಿರಿನ ಜಾಗದಲ್ಲಿ ತಂತಿ, ವಾಶಿಯ ಜಾಗದಲ್ಲಿ ಯಂತ್ರದ ಕಾಗದ. ಬಾಡಿಗೆ ಕೋಣೆಯ ವಿದ್ಯಾರ್ಥಿಗೆ ಅದು ಕೊಡುವ ನೆಮ್ಮದಿಯ ಬೆಳಕನ್ನು ನಾನು ಹಳಿಯಲಾರೆ. ನೊಗುಚಿಯ ಬದುಕಿನಲ್ಲೇ ನಕಲುಗಳು ಬಂದಿದ್ದವು. ಅವರು ಹೊಸ ಹೊಸ, ಇನ್ನಷ್ಟು ಕಷ್ಟದ ಆಕಾರಗಳತ್ತ ಹೋದರು. ನನ್ನ ತಕರಾರು ಬೇರೆ. ಅಸಲಿ ದೀಪದ ಮೇಲೂ ನಾವು ಓದುವುದು ಒಬ್ಬನೇ ಕಲಾವಿದನ ಹೆಸರನ್ನು. ಎಳೆ ಸುತ್ತಿದವರು, ಪಟ್ಟಿ ಹಚ್ಚಿದವರು ಯಾರೆಂದು ಯಾವ ಚೀಟಿಯಲ್ಲೂ ಇರುವುದಿಲ್ಲ. ಆಕಾರ ನೊಗುಚಿಯದೇ, ಸಂಶಯವಿಲ್ಲ. ಅದು ಬೆಳಗುವುದು ಮಾತ್ರ ಹೆಸರಿಲ್ಲದ ಆ ಕೈಗಳ ಹದದಿಂದ.

1986ರ ವೆನಿಸ್ ಬಿಯೆನಾಲೆಯಲ್ಲಿ ಅಮೆರಿಕದ ಪರವಾಗಿ ಪ್ರದರ್ಶನ ಮಾಡುವ ಗೌರವ ನೊಗುಚಿಗೆ ಸಿಕ್ಕಿತು. ವಯಸ್ಸು ಎಂಬತ್ತು ದಾಟಿತ್ತು. ಪ್ರದರ್ಶನಕ್ಕೆ 'ಶಿಲ್ಪವೆಂದರೇನು' ಎಂಬ ಪ್ರಶ್ನೆಯನ್ನೇ ಹೆಸರಾಗಿ ಇಟ್ಟರು. ಅಲ್ಲಿ ಮಕ್ಕಳು ಹತ್ತಿ ಜಾರಬಹುದಾದ ಅಮೃತಶಿಲೆಯ ಒಂದು ಜಾರುಬಂಡೆ ಇತ್ತು. ಭಾರತಕ್ಕೆ ಬಂದಾಗ ಕಂಡು ಫೋಟೊ ತೆಗೆದುಕೊಂಡಿದ್ದ ಜೈಪುರದ ಜಂತರ್ ಮಂತರಿನ ನೆನಪು ಅದರ ಆಕಾರದಲ್ಲೂ ಇದೆ, 'ಸ್ಲೈಡ್ ಮಂತ್ರ' ಎಂಬ ಹೆಸರಿನಲ್ಲೂ ಇದೆ. ಆ ಜಾರುಬಂಡೆಯ ಜೊತೆಗೆ ಅವರು ಇಟ್ಟದ್ದು ಅಕಾರಿ ದೀಪಗಳನ್ನು. ಅಂಗಡಿಯಲ್ಲಿ ಬಿಕರಿಯಾಗುವ ಕಾಗದದ ದೀಪ ಶಿಲ್ಪ ಹೇಗಾದೀತು ಎಂದು ಹುಬ್ಬೇರಿಸಿದವರಿದ್ದರು. ನೊಗುಚಿ ಹಿಂದೆ ಸರಿಯಲಿಲ್ಲ. ಕಲ್ಲು, ಕಂಚು, ಉದ್ಯಾನ, ರಂಗಸಜ್ಜಿಕೆ ಎಲ್ಲವನ್ನೂ ಮಾಡಿದ ಆ ಹಿರಿಯರ ಪಾಲಿಗೆ ಇವೂ ಅಷ್ಟೇ ತೂಕದವು.

ಅಕ್ಕನ ಮನೆಯ ದೀಪಕ್ಕೆ ಮೊನ್ನೆ ಮಳೆಗಾಲದಲ್ಲಿ ಒಂದು ಪೆಟ್ಟು ಬಿತ್ತು. ನಮ್ಮ ಕಡೆಯ ಜೂನ್ ತಿಂಗಳ ತೇವಕ್ಕೆ ಕಾಗದ ಸ್ವಲ್ಪ ಸಡಿಲಾಗಿತ್ತು; ಮೊಮ್ಮಗಳು ಒಳಗೆ ಏನಿದೆ ಎಂದು ನೋಡಲು ಬೆರಳು ಚುಚ್ಚಿದ್ದಳು. ಗೋಲಿಯಷ್ಟು ತೂತು. ಅಕ್ಕ ಅಕ್ಕಿಗಂಜಿಯ ಅಂಟು ಮಾಡಿ, ಹಣ್ಣಿಗೆ ಸುತ್ತಿ ಬಂದಿದ್ದ ಬಿಳಿ ತೆಳು ಕಾಗದದಿಂದ ಉರುಟಾಗಿ ಒಂದು ತುಂಡು ಕತ್ತರಿಸಿ ಒಳಗಿನಿಂದ ಹಚ್ಚಿದಳು. ಹಗಲಿಗೆ ಗೊತ್ತೇ ಆಗುವುದಿಲ್ಲ. ಸಂಜೆ ದೀಪ ಹಾಕಿದಾಗ ಆ ಜಾಗದಲ್ಲಿ ಎರಡು ಪದರವಾಗಿ ರೂಪಾಯಿಯಗಲದ ಮಂಕು ವೃತ್ತ ಮೂಡುತ್ತದೆ. ಇಂಥ ದೀಪಗಳಿಗೆ ಚೌಕಟ್ಟು ಉಳಿಸಿಕೊಂಡು ಶೇಡನ್ನಷ್ಟೇ ಬದಲಿಸಬಹುದು, ಬೇರೆಯಾಗಿ ಮಾರುತ್ತಾರೆ. ಮಗ ಫೋನು ತೆಗೆದು ಬೆಲೆ ನೋಡತೊಡಗಿದ. "ಇರಲಿ ಬಿಡೋ, ಅವಳು ದೊಡ್ಡವಳಾದ ಮೇಲೆ ತೋರಿಸ್ಬೇಕು" ಎಂದಳು ಅಕ್ಕ.